ಮೈಸೂರೂ ಬೆಂಗಳೂರೂ: ಒಂದು ತುಲನೆ

ಮೈಸೂರಿಗೂ ಬೆಂಗಳೂರಿಗೂ ನಡುವೆ ಇರುವ ದೂರ ಸುಮಾರು 140 ಕಿಲೋಮೀಟರು. ಒಂದೇ ಸಂಸ್ಥಾನದ ಎರಡು ಕಣ್ಣುಗಳಂತೆ ಬೆಳೆದ ನಗರಗಳಿವು. ಇಂದು ಕುಡಿಯುವ ನೀರೂ ಒಂದೇ ನದಿಯದು. ಹೀಗಿದ್ದರೂ ಮೈಸೂರಿನವರೊಬ್ಬರು, ಬೆಂಗಳೂರಿನವರೊಬ್ಬರು ಒಂದೆಡೆ ಕಲೆತರೆ, ಮಾತು ಬಹುಬೇಗ ಯಾವ ಊರು ಮೇಲೆಂಬ ಚರ್ಚೆಗೆ ಇಳಿಯುವುದು. ಮೈಸೂರಿನವರು ಬೀದಿಗಳ ಚೊಕ್ಕಟತನವನ್ನೂ ಬದುಕಿನ ನಿಧಾನವನ್ನೂ ಮುಂದಿಡುವರು. ಬೆಂಗಳೂರಿನವರು ತಂಪು ಹವೆಯನ್ನೂ ಉದ್ಯೋಗದ ಸಮೃದ್ಧಿಯನ್ನೂ ಹೇಳುವರು. ಇಬ್ಬರೂ ತಂತಮ್ಮ ಊರಿನ ಗುಣವು ಅಲ್ಲಿನ ಮಣ್ಣಿನಲ್ಲಿಯೇ ಹುಟ್ಟಿಬಂದುದೆಂದು ನಂಬಿರುವಂತೆ ಕಾಣುವುದು. ಆದರೆ ಈ ಎರಡು ನಗರಗಳ ಚರಿತ್ರೆಯನ್ನು ನೋಡಿದರೆ, ಅವುಗಳ ಹಿರಿಮೆಯೂ ಕುಂದೂ ಬಹುಮಟ್ಟಿಗೆ ಮನುಷ್ಯರು ಕೈಕೊಂಡ ತೀರ್ಮಾನಗಳ ಫಲವೆಂಬುದು ಗೊತ್ತಾಗುವುದು. ಅದನ್ನೇ ಈ ಭಾಷಣದಲ್ಲಿ ವಿಚಾರಮಾಡೋಣ.

ಮೊದಲು ಗಾತ್ರದ ಮಾತು. 1901ರ ಖಾನೇಷುಮಾರಿಯಲ್ಲಿ ಮೈಸೂರು ನಗರದ ಜನಸಂಖ್ಯೆ 68,111; ಬೆಂಗಳೂರು ನಗರದ್ದು 69,447. ಎರಡಕ್ಕೂ ಇದ್ದ ಅಂತರ ಒಂದೂವರೆ ಸಾವಿರವೂ ಅಲ್ಲ! ಇದನ್ನು ಕೇಳಿದವರಿಗೆ ಆಶ್ಚರ್ಯವಾಗದಿರದು. ಆದರೆ ಇಲ್ಲೊಂದು ಸೂಕ್ಷ್ಮವುಂಟು. ಬೆಂಗಳೂರು ಆಗ ಎರಡು ಊರುಗಳಾಗಿದ್ದಿತು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಕೋಟೆ ಪೇಟೆಗಳ ಊರೊಂದು. ಬ್ರಿಟಿಷರ ದಂಡು ಇನ್ನೊಂದು. ದಂಡಿನ ಜನಸಂಖ್ಯೆ ಬೇರೆಯಾಗಿ 89,599 ಇದ್ದಿತು. ಎರಡನ್ನೂ ಕೂಡಿಸಿದರೆ ಬೆಂಗಳೂರು ಆಗಲೇ ಮೈಸೂರಿನ ಎರಡರಷ್ಟಕ್ಕಿಂತ ಹೆಚ್ಚು. 1941ರ ಹೊತ್ತಿಗೆ ಮೈಸೂರು ಒಂದೂವರೆ ಲಕ್ಷವನ್ನು ಮುಟ್ಟಿದ್ದರೆ, ದಂಡೂ ಸೇರಿ ಬೆಂಗಳೂರು ನಾಲ್ಕು ಲಕ್ಷವನ್ನು ದಾಟಿದ್ದಿತು. 2011ರ ಜನಗಣತಿಯಲ್ಲಿ ಮೈಸೂರು ಸುಮಾರು 9 ಲಕ್ಷ, ಬೆಂಗಳೂರು 84 ಲಕ್ಷ. ನೂರಹತ್ತು ವರ್ಷಗಳಲ್ಲಿ ಒಂದು ಹದಿಮೂರು ಪಟ್ಟು ಬೆಳೆಯಿತು. ಇನ್ನೊಂದು ಐವತ್ತು ಪಟ್ಟನ್ನು ಮೀರಿತು.

ಈ ಭೇದಕ್ಕೆ ಕಾರಣವೇನು? 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಒಡೆಯರ ರಾಜಧಾನಿ ಮೈಸೂರಿಗೆ ಬಂದಿತು. ಇತ್ತ ಶ್ರೀರಂಗಪಟ್ಟಣದ ಚಳಿಜ್ವರವನ್ನು ತಾಳಲಾರದೆ ಬ್ರಿಟಿಷ್ ಸೇನೆ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರನ್ನು ಆರಿಸಿಕೊಂಡು, 1809ರಲ್ಲಿ ಅಲ್ಲಿ ದಂಡನ್ನು ಸ್ಥಾಪಿಸಿತು. 1831ರಲ್ಲಿ ರಾಜ್ಯದ ಆಡಳಿತವನ್ನೇ ಬ್ರಿಟಿಷರು ಕೈಗೆ ತೆಗೆದುಕೊಂಡಾಗ ಕಚೇರಿಗಳೂ ಬೆಂಗಳೂರನ್ನು ಸೇರಿದುವು. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದರೂ ಕಚೇರಿಗಳು ಮರಳಲಿಲ್ಲ. ಅಠಾರಾ ಕಚೇರಿಯಿಂದಲೇ ದಿವಾನರ ಆಡಳಿತ ಸಾಗಿತು. ಅರಸು ಒಂದೆಡೆ, ಆಡಳಿತ ಒಂದೆಡೆ ಎಂಬ ಏರ್ಪಾಡು ಹೀಗೆ ನೆಲೆಗೊಂಡಿತು.

ಕಚೇರಿ ಇರುವಲ್ಲಿಗೆ ಉದ್ಯೋಗ, ಉದ್ಯೋಗ ಇರುವಲ್ಲಿಗೆ ಜನ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು; ಮೈಸೂರಿಗೆ ಅದು ಬಂದುದು 1908ರಲ್ಲಿ. ತಾತಾ ಅವರ ವಿಜ್ಞಾನಮಂದಿರ 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಯಂತ್ರೋಪಕರಣಗಳ ಕಾರ್ಖಾನೆ, ಮರುವರ್ಷ ಎಲೆಕ್ಟ್ರಾನಿಕ್ಸ್ ಕಾರ್ಖಾನೆ, ಹೀಗೆ ಒಂದನ್ನೊಂದು ಕರೆದು ತಂದುವು. 1980ರ ದಶಕದ ತರುವಾಯ ಗಣಕಯಂತ್ರದ ಉದ್ದಿಮೆ ಬಂದಾಗ, ಅದಕ್ಕೆ ಬೇಕಾದ ಎಂಜಿನಿಯರುಗಳೂ ಕಾಲೇಜುಗಳೂ ಅಲ್ಲಿ ಮೊದಲೇ ಸಿದ್ಧವಾಗಿದ್ದುವು. ನಮ್ಮ ಆಕಾಶವಾಣಿಯ ಕಥೆಯೂ ಇದೇ. 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಹುಟ್ಟುಹಾಕಿದ ಬಾನುಲಿಯು 1955ರಲ್ಲಿ ಬೆಂಗಳೂರಿಗೆ ಹೊರಟುಹೋಯಿತು.

ಹಾಗಾದರೆ ಮೈಸೂರಿಗೆ ಉಳಿದುದೇನು? ಸಿಂಹಾಸನ ಉಳಿಯಿತು, 1916ರಲ್ಲಿ ವಿಶ್ವವಿದ್ಯಾನಿಲಯವೂ ದೊರೆಯಿತು. ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಎದ್ದ ಹೊಸ ಅರಮನೆ 1912ರಲ್ಲಿ ಪೂರ್ಣವಾಯಿತು. ಆದರೆ ಊರಿನ ಸಾಮಾನ್ಯ ನಿವಾಸಿಗೆ ಅರಮನೆಗಿಂತಲೂ ಹೆಚ್ಚು ಉಪಕಾರಮಾಡಿದ ಸಂಸ್ಥೆ ಇನ್ನೊಂದು. ಪ್ಲೇಗಿನ ಹಾವಳಿಯ ಆ ವರ್ಷಗಳಲ್ಲಿ, 1903ರಲ್ಲಿ, ಮೈಸೂರಿನಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಏರ್ಪಟ್ಟಿತು. ಭಾರತದಲ್ಲಿ ಇಂಥ ಮೊದಮೊದಲಿನ ಮಂಡಳಿಗಳಲ್ಲಿ ಇದೂ ಒಂದು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸುವುದು, ಚರಂಡಿ ಹಾಕಿಸುವುದು, ಜನ ಬರುವುದಕ್ಕೆ ಮುಂಚೆಯೇ ಬೀದಿಯನ್ನು ಗುರುತುಮಾಡಿ ಬಡಾವಣೆಗಳನ್ನು ಹರಡುವುದು ಇದರ ಕೆಲಸ. ಬೆಂಗಳೂರಿನಲ್ಲಿಯೂ 1890ರ ದಶಕದಲ್ಲಿ ಬಸವನಗುಡಿ, ಮಲ್ಲೇಶ್ವರಗಳಂಥ ಸೊಗಸಾದ ಬಡಾವಣೆಗಳು ತಲೆಯೆತ್ತಿದುವು. ಆದರೆ ಅಲ್ಲಿ ಇಂಥ ಟ್ರಸ್ಟ್ ಬೋರ್ಡು ಸ್ಥಾಪನೆಯಾದುದು 1945ರಲ್ಲಿ, ಅಂದರೆ ಮೈಸೂರಿಗಿಂತ ನಾಲ್ವತ್ತೆರಡು ವರ್ಷ ತಡವಾಗಿ. ಅಷ್ಟರಲ್ಲಿ ಊರು ನಾಲ್ಕು ಲಕ್ಷವನ್ನು ಮೀರಿದ್ದಿತು. ಮೈಸೂರಿನಲ್ಲಿ ಯೋಜನೆಯು ಜನಕ್ಕಿಂತ ಮುಂದೆ ನಡೆಯಿತು. ಬೆಂಗಳೂರಿನಲ್ಲಿ ಅದು ಜನದ ಹಿಂದೆ ಓಡಬೇಕಾಯಿತು. 2015 ಮತ್ತು 2016ರ ರಾಷ್ಟ್ರೀಯ ಸ್ವಚ್ಛತಾ ಗಣನೆಗಳಲ್ಲಿ ಮೈಸೂರಿಗೆ ದೊರೆತ ಮೊದಲ ಸ್ಥಾನದ ಬೇರು ಆ ಹಳೆಯ ಚರಂಡಿಗಳಲ್ಲಿಯೂ ಅಗಲವಾದ ಬೀದಿಗಳಲ್ಲಿಯೂ ಇದೆಯೆಂದು ನಾವು ತಿಳಿಯುತ್ತೇವೆ.

ಇನ್ನು ಜೀವನದ ಸೌಖ್ಯ. ಇದನ್ನು ಅಳೆಯಲು ಮೊದಲ ಅಳತೆಗೋಲು ನೀರು. ಕಾವೇರಿ ಮೈಸೂರಿನ ಮಗ್ಗುಲಲ್ಲೇ ಹರಿಯುವಳು. ಕನ್ನಂಬಾಡಿ ಕಟ್ಟೆ ಊರಿನಿಂದ ಇಪ್ಪತ್ತು ಕಿಲೋಮೀಟರಿನ ಒಳಗೆ ಇದೆ. ಬೆಂಗಳೂರಿಗೆ ನದಿಯಿಲ್ಲ. ಹೆಸರಘಟ್ಟವೂ ತಿಪ್ಪಗೊಂಡನಹಳ್ಳಿಯೂ ಸಾಲದಾದಾಗ, 1974ರಿಂದ ಅದೇ ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರಕ್ಕೆ, ಸುಮಾರು 500 ಮೀಟರು ಎತ್ತರಕ್ಕೆ, ಯಂತ್ರಗಳಿಂದ ಏರಿಸಿ ತರಲಾಗುತ್ತಿದೆ. ತಂಪು ಹವೆಗಾಗಿ ಆರಿಸಿದ ಎತ್ತರಕ್ಕೆ ಇಂದು ಪ್ರತಿಯೊಂದು ಬಿಂದಿಗೆಯಲ್ಲಿಯೂ ಬೆಲೆ ತೆರಬೇಕಾಗಿದೆ. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಹೊರವಲಯದ ಜನ ನೀರಿನ ಲಾರಿಗಾಗಿ ಕಾದುದನ್ನು ಯಾರೂ ಮರೆತಿರಲಾರರು.

ಕೆರೆಗಳ ವಿಷಯದಲ್ಲಿ ಮೈಸೂರಿನವರು ಬೆಂಗಳೂರನ್ನು ಹಳಿಯುವುದುಂಟು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವೆದ್ದಿತು. ಮಾತು ನಿಜ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನಲ್ಲಿ ಅಡ್ಡಾಡುವ ಭಾಗ್ಯ ದೊಡ್ಡದು. ಆದರೆ ಮೈಸೂರಿನ ದೊಡ್ಡಕೆರೆ ಇಂದು ಮೈದಾನವಾಗಿರುವುದನ್ನು ಹಳಿಯುವವರು ನೆನೆಯಬೇಡವೇ? ಸಣ್ಣ ಊರಿನ ತಪ್ಪು ಸಣ್ಣದಾಗಿ ಕಾಣುವುದು. ತಪ್ಪು ಮಾತ್ರ ಅದೇ.

ಬೆಂಗಳೂರಿನ ಪಕ್ಷದಲ್ಲಿಯೂ ಹೇಳಬೇಕಾದುದು ಬಹಳವಿದೆ. ಅಲ್ಲಿ ಹೊತ್ತು ದಾರಿಯಲ್ಲಿ ಕಳೆಯುವುದು, ನೀರಿಗೆ ಕಾಸು ತೆರಬೇಕಾಗುವುದು, ನಿಜ. ಆದರೆ ಅನ್ನಕ್ಕೆ ದಾರಿ ಸಿಕ್ಕುವುದೂ ಅಲ್ಲಿಯೇ. ಮೈಸೂರಿನಲ್ಲಿ ಓದಿ ಪದವಿ ಪಡೆದ ತರುಣ ತರುಣಿಯರು ಬೆಳಗಿನ ರೈಲನ್ನು ಹಿಡಿಯುವುದು ಬೆಂಗಳೂರಿಗಲ್ಲದೆ ಬೇರೆಲ್ಲಿಗೆ? ಯಾವ ಊರಿನವರು, ಯಾವ ಮನೆತನದವರು ಎಂದು ಕೇಳದೆ ಕೆಲಸ ಕೊಡುವ, ಬಾಡಿಗೆಗೆ ಮನೆ ಕೊಡುವ ಉದಾರತೆ ದೊಡ್ಡ ನಗರದಲ್ಲಿ ಹೆಚ್ಚು ದೊರೆಯುವುದು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಆದರವೂ ಹೆಚ್ಚು, ಕಟ್ಟುಪಾಡೂ ಹೆಚ್ಚು. ನಿವೃತ್ತರು ಮೈಸೂರನ್ನೂ, ಉದ್ಯೋಗಾರ್ಥಿಗಳು ಬೆಂಗಳೂರನ್ನೂ ಹೊಗಳುವುದರಲ್ಲಿ ವಿಸ್ಮಯವಿಲ್ಲ. ಮೈಸೂರಿನ ನೆಮ್ಮದಿಯ ಎಷ್ಟೋ ಮನೆಗಳ ಖರ್ಚು ಬೆಂಗಳೂರಿನ ಸಂಬಳದಿಂದ ನಡೆಯುವುದೆಂಬುದನ್ನೂ ಮರೆಯಲಾಗದು.

ಒಂದು ಊರು ಎಷ್ಟರವರೆಗೆ ಬೆಳೆಯಬಹುದು? ಬೆಂಗಳೂರು 2007ರಲ್ಲಿ ಸುತ್ತಲಿನ ಎಂಟು ಪುರಸಭೆ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ತನ್ನೊಳಗೆ ಸೇರಿಸಿಕೊಂಡಿತು. ಒಂದು ಪಾಲಿಕೆಯಿಂದ ಅದನ್ನು ನಡೆಯಿಸುವುದು ದುಸ್ತರವಾಗಿ, 2025ರಲ್ಲಿ ಐದು ಪಾಲಿಕೆಗಳಾಗಿ ಹಂಚಬೇಕಾಯಿತು. ಇದು ಮೈಸೂರಿಗೆ ಪಾಠವಾಗಬೇಕು. ಏಕೆಂದರೆ ಎರಡು ನಗರಗಳ ನಡುವಣ ಜೋಡಿ ರೈಲುಹಳಿ ಮುಗಿದಿದೆ. 2023ರಲ್ಲಿ ಹೊಸ ಹೆದ್ದಾರಿ ತೆರೆಯಿತು. ದಾರಿ ಹತ್ತಿರವಾದಷ್ಟೂ ಬೆಂಗಳೂರಿನ ಹಣವೂ ಜನವೂ ಮೈಸೂರಿನ ಹೊಲಗದ್ದೆಗಳತ್ತ ಹರಿದುಬರುವುದು ಸಹಜ. ಅದನ್ನು ತಡೆಯಲು ಸಾಧ್ಯವೂ ಇಲ್ಲ, ತಡೆಯುವುದು ನ್ಯಾಯವೂ ಅಲ್ಲ. ಕೇಳಬೇಕಾದ ಪ್ರಶ್ನೆಯಿಷ್ಟೇ: ಬರುವ ಜನಕ್ಕೆ ಮುಂಚಿತವಾಗಿ ಬೀದಿ, ಚರಂಡಿ, ನೀರು, ಉದ್ಯಾನಗಳನ್ನು ಸಿದ್ಧಪಡಿಸುವ 1903ರ ಆ ದೂರದೃಷ್ಟಿ ಇಂದಿನ ಮೈಸೂರಿಗೆ ಇದೆಯೇ?

ಇದ್ದರೆ, ಊರು ದೊಡ್ಡದಾದರೂ ಒಳ್ಳೆಯದಾಗಿಯೇ ಉಳಿದೀತು. ಇಲ್ಲದಿದ್ದರೆ, ಇನ್ನೊಂದು ತಲೆಮಾರಿನಲ್ಲಿ ಈ ಎರಡು ಊರುಗಳನ್ನು ಹೋಲಿಸುವ ಪ್ರಮೇಯವೇ ಬಾರದು; ಎರಡೂ ಒಂದೇ ಬಗೆಯ ಊರುಗಳಾಗಿರುವುವು. ಬೆಂಗಳೂರಿನವರಿಗೂ ಇದರಲ್ಲಿ ಆಶೆಗೆ ಎಡೆಯುಂಟು. ಊರಿನ ಗುಣ ಹಣೆಯ ಬರಹವಲ್ಲವಾದರೆ, ಕೆಟ್ಟುದನ್ನು ತಿದ್ದಲೂಬಹುದು. ಆದಕಾರಣ ಯಾವ ಊರು ಮೇಲೆಂಬ ವಾದವನ್ನು ನಾವು ಬಿಡಬೇಕಾಗಿಲ್ಲ. ವಾದಿಸುವಾಗ ಜನಸಂಖ್ಯೆಯನ್ನೂ ಅರಮನೆಯನ್ನೂ ಬದಿಗಿಟ್ಟು, ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರುವ ಗಳಿಗೆಯನ್ನೂ, ಮಕ್ಕಳು ನಡೆದು ಶಾಲೆಗೆ ಹೋಗಬಲ್ಲ ದಾರಿಯನ್ನೂ ಲೆಕ್ಕಕ್ಕೆ ಹಿಡಿಯೋಣ. ಆಗ ನಮ್ಮ ಪೈಪೋಟಿಯಿಂದ ಎರಡೂ ನಗರಗಳಿಗೆ ಲಾಭವಾದೀತು.