ನೀಡಿಸಿಕೊಂಡ ನೀರು: ಭಾವ, ಭಾಷೆ ಮತ್ತು ದಲಿತ ತಿಳಿವಳಿಕೆ

ದಲಿತ ಬರಹದ ಬಗ್ಗೆ ನಮ್ಮ ವಿಮರ್ಶೆ ಬಹಳ ದಿನಗಳಿಂದ ಒಂದು ಮಾತು ಹೇಳುತ್ತ ಬಂದಿದೆ. ಅನುಭವ ತೀವ್ರವಾಗಿದೆ, ಆದರೆ ಚಿಂತನೆಯಾಗಿ ಮಾಗಿಲ್ಲ ಅನ್ನೋದು ಆ ಮಾತು. ತೆಗಳುವವರಷ್ಟೇ ಅಲ್ಲ, ಹೊಗಳುವವರೂ ಇದನ್ನೇ ಹೇಳುತ್ತಾರೆ. ಇದರ ಒಳಗೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಭಾವನೆ ಬೇರೆ, ತಿಳಿವಳಿಕೆ ಬೇರೆ. ಭಾವನೆ ಕಚ್ಚಾ ಮಾಲು, ಅದನ್ನು ಹದ ಮಾಡಿದ ಮೇಲೆ ಬರುವುದು ತಿಳಿವಳಿಕೆ. ಕಚ್ಚಾ ಮಾಲು ಕೇರಿಯಿಂದ ಬರಬೇಕು, ಹದ ಮಾಡೋರು ಮಾತ್ರ ಬೇರೆ ಕಡೆ ಇರತಾರ. ತೊಗಲು ಹದ ಮಾಡುವುದನ್ನು ನೂರಾರು ವರ್ಷ ನಮಗೇ ಬಿಟ್ಟುಕೊಟ್ಟವರು ಅನುಭವ ಹದ ಮಾಡುವ ಕೆಲಸವನ್ನು ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದಾರೆ. ಈ ನಂಬಿಕೆಯನ್ನು ಸ್ವಲ್ಪ ಬಿಡಿಸಿ ನೋಡಬೇಕೆಂಬುದು ಈ ಬರಹದ ಉದ್ದೇಶ.

ನಾನು ಧಾರವಾಡದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿರುವ ಅಮ್ಮಿನಬಾವಿಯವನು. ಊರಿನ ಹೆಸರಿನಲ್ಲೇ ಬಾವಿ ಐತಿ. ಪದವಿ ಓದುವಾಗ ನೀರಿನ ಬಗ್ಗೆ ಒಂದು ಪ್ರಬಂಧ ಬರೆಯಲು ಹೇಳಿದ್ದರು. ನಾನು ನಮ್ಮ ಆಯಿ ಹೇಳುತ್ತಿದ್ದ ಸಂಗತಿಯನ್ನು ನಾಲ್ಕು ಪುಟ ಬರೆದೆ. ಹಾಳೆ ತಿರುಗಿ ಬಂದಾಗ ಕೆಂಪು ಶಾಯಿಯಲ್ಲಿ, ಭಾವುಕತೆ ಹೆಚ್ಚಾಯಿತು, ವಿಷಯಕ್ಕೆ ಬನ್ನಿ ಎಂದಿತ್ತು. ಎರಡನೆಯ ಸಲ ಸವದತ್ತಿಯ ಹತ್ತಿರದ ಜಲಾಶಯದಿಂದ ಮಲಪ್ರಭೆಯ ನೀರು ಅಮ್ಮಿನಬಾವಿಯ ಶುದ್ಧೀಕರಣ ಘಟಕಕ್ಕೆ ಬಂದು, ಅಲ್ಲಿಂದ ಹುಬ್ಬಳ್ಳಿ-ಧಾರವಾಡಕ್ಕೆ ಹೋಗುವ ಬಗೆಯನ್ನು ಬರೆದೆ. ಛಲೋ ಅಂಕ ಬಂದವು. ಎರಡನೆಯ ಪ್ರಬಂಧದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಮೊದಲನೆಯದರಲ್ಲಿ 'ವಿಷಯ' ಇರಲಿಲ್ಲ ಎಂಬ ತೀರ್ಪನ್ನು ನಾನೂ ಒಪ್ಪಿಕೊಂಡು ಎಷ್ಟೋ ವರ್ಷ ಕಳೆದೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಆಯಿ ಹೇಳುತ್ತಿದ್ದುದು ಆಕೆಯ ತವರಿನ ಮಾತು. ಊರ ಹೆಸರು ಬ್ಯಾಡ. ಅಲ್ಲೊಂದು ಸೇದೂ ಬಾವಿ. ನಮ್ಮವರು ಕೊಡ ಹಿಡಿದುಕೊಂಡು ಅಷ್ಟು ದೂರ ನಿಲ್ಲಬೇಕು, ಯಾರಾದರೂ ಬರುವತನಕ ಕಾಯಬೇಕು. ಬಂದವರಿಗೆ 'ನೀರ ನೀಡ್ರೆವ್ವಾ' ಅನ್ನಬೇಕು. ಅವರು ತಮ್ಮ ಕೊಡ ತಾಗದ ಹಾಗೆ ಮೇಲಿಂದ ಹೊಯ್ಯುತ್ತಾರೆ. 'ಅರ್ಧಾ ಕೊಡಕ್ಕ, ಅರ್ಧಾ ಮೈಮ್ಯಾಲೆ' ಎಂದು ಆಯಿ ನಗುತ್ತಿದ್ದಳು. ಒಂದು ದಿನ ನಾನು, 'ಆಯೀ, ದಿನಕ್ಕ ಎಷ್ಟ ಕೊಡ ನೀರ ಸೇದತಿದ್ದಿ?' ಎಂದು ಕೇಳಿದೆ.

'ಸೇದೂದ? ನಮ್ಮ ಕೇರ್ಯಾಗ ಸೇದೂದಂದ್ರ ಬೀಡಿನಽ ನೋಡಪಾ. ನೀರ ನಾವು ಸೇದ್ತಿದ್ದಿಲ್ಲ, ನೀಡಿಸ್ಕೊತಿದ್ವಿ.'

ಕನ್ನಡದ ಯಾವುದೇ ನಿಘಂಟು ತೆಗೆದರೂ 'ಸೇದು' ಎಂಬ ಧಾತುವಿಗೆ ನೀರು ಎಳೆಯುವುದು, ಹೊಗೆ ಎಳೆಯುವುದು ಎಂಬ ಎರಡೂ ಅರ್ಥ ಸಿಗುತ್ತವೆ. ಆದರೆ ಆ ಕ್ರಿಯಾಪದಕ್ಕೆ ಕರ್ತೃವಾಗಲು ಯಾರಿಗೆ ಅಪ್ಪಣೆ ಇತ್ತು, ಯಾರಿಗೆ ಇರಲಿಲ್ಲ ಎಂಬುದನ್ನು ನಿಘಂಟು ಹೇಳುವುದಿಲ್ಲ. ವ್ಯಾಕರಣದ ಪುಸ್ತಕ ಕರ್ತೃ, ಕರ್ಮ, ಕ್ರಿಯೆ ಎಂದು ಕಲಿಸುತ್ತದೆ. ಕೇರಿಯ ಕನ್ನಡದಲ್ಲಿ ಕೆಲವು ಕ್ರಿಯೆಗಳಿಗೆ ಕರ್ತೃವಿನ ಜಾಗ ಖಾಲಿಯೇ ಇತ್ತು. ಈ ಸತ್ಯ ಆಯಿಗೆ ಗೊತ್ತಿತ್ತು, ಗೊತ್ತಿದ್ದದ್ದು ನಗೆಯ ರೂಪದಲ್ಲಿ ಹೊರಬಂತು. ಮೊದಲ ಪ್ರಬಂಧದಲ್ಲಿ ನಾನು ಅದನ್ನು 'ನಮ್ಮ ಅಜ್ಜಿ ನೀರಿಗಾಗಿ ಬಹಳ ಕಷ್ಟಪಡುತ್ತಿದ್ದರು' ಎಂದು ಶಿಷ್ಟವಾಗಿ ಬರೆದಿದ್ದೆ. ಅಂದರೆ ಭಾವುಕತೆಯ ತಪ್ಪು ನನ್ನದೂ ಹೌದು. ಆಕೆಯ ಕ್ರಿಯಾಪದವನ್ನು ಬಿಟ್ಟು ಕಷ್ಟವನ್ನಷ್ಟೇ ಎತ್ತಿಕೊಂಡಿದ್ದೆ.

ಇನ್ನು ಆಕೆಯ ಅಂಜಿಕೆ. ಬಾವಿಯ ಹತ್ತಿರ ಯಾರ ಹೆಜ್ಜೆಯ ಸಪ್ಪಳ ಬಂದರೆ ಕೊಡ ತುಂಬುತ್ತದೆ, ಯಾರದು ಬಂದರೆ ಬೈಗಳ ಬೀಳುತ್ತದೆ, ಯಾವ ಮನೆಯ ಸೊಸೆ ಅತ್ತೆಯ ಸಿಟ್ಟನ್ನು ತಮ್ಮ ಕೊಡದ ಮೇಲೆ ತೀರಿಸಿಕೊಳ್ಳುತ್ತಾಳೆ ಎಂಬುದೆಲ್ಲ ಆಕೆಗೆ ಬಾಯಿಪಾಠವಾಗಿತ್ತು. ಇದನ್ನು ಅಂಜಿಕೆ ಅಂತ ಕರೆದು ಬದಿಗಿಟ್ಟರೆ ಸುಲಭ. ಆದರೆ ಅಂಜಿಕೆಯೇ ಆಕೆಗೆ ಊರಿನ ಅಧಿಕಾರದ ನಕಾಶೆಯನ್ನು ಓದಲು ಕಲಿಸಿತ್ತು. ಅಂಜಬೇಕಾದ ಕಾರಣವಿಲ್ಲದ ಗೌಡರ ಮನೆಯವರಿಗೆ ಆ ನಕಾಶೆ ಕಾಣಿಸುವ ಅಗತ್ಯವೇ ಇರಲಿಲ್ಲ. ಭಾವನೆ ತಿಳಿವಳಿಕೆಗೆ ಅಡ್ಡ ಬರುತ್ತದೆ ಎಂದು ನಮಗೆ ಕಲಿಸಿದ್ದಾರೆ. ಇಲ್ಲಿ ಭಾವನೆಯೇ ತಿಳಿವಳಿಕೆಯ ಸಾಧನ. ಅದಕ್ಕೆ ದಿನವೂ ಪರೀಕ್ಷೆಯಿತ್ತು. ಆಯಿಯ ಅಂದಾಜು ತಪ್ಪಿದರೆ ಕೊಡ ಖಾಲಿ ಬರುತ್ತಿತ್ತು.

ಇದು ಒಂದು ಊರಿನ ಬಾವಿಯ ಕಥೆಯಲ್ಲ. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸಾರ್ವಜನಿಕ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಎಸ್.ಕೆ. ಬೋಲೆ ತಂದ ಠರಾವನ್ನು ಆ ಪ್ರಾಂತದ ಶಾಸನ ಪರಿಷತ್ತು 1923ರಲ್ಲಿ ಅಂಗೀಕರಿಸಿತು. ಕಾಗದದ ಮೇಲೆ ಕ್ರಿಯಾಪದ ಬದಲಾಯಿತು, ಬಾವಿಯ ಕಟ್ಟೆಯ ಮೇಲೆ ಬದಲಾಗಲಿಲ್ಲ. ಅದಕ್ಕಾಗಿಯೇ 1927ರ ಮಾರ್ಚ್ 20ರಂದು ಬಾಬಾಸಾಹೇಬ ಅಂಬೇಡ್ಕರ್ ಮಹಾಡದ ಚವದಾರ ಕೆರೆಗೆ ಜನರೊಂದಿಗೆ ನಡೆದುಹೋಗಿ ತಾವೇ ನೀರು ತೆಗೆದುಕೊಂಡು ಕುಡಿಯಬೇಕಾಯಿತು. ಅಲ್ಲಿ ನಡೆದದ್ದು ನೀರಡಿಕೆಯ ಮಾತಲ್ಲ. 'ನೀಡಿಸಿಕೊಳ್ಳುವವರು' 'ತೆಗೆದುಕೊಳ್ಳುವವರು' ಆದರು.

ನಮ್ಮ ಧಾರವಾಡದ್ದೇ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕನ್ನಡದ ವಿದ್ಯಾರ್ಥಿಗಳಿಗೆ ಇದು ಗೊತ್ತಿರಲೇಬೇಕಾದ ಸಂಗತಿ. 1856ರಲ್ಲಿ ಒಬ್ಬ ಮಹಾರ ಹುಡುಗ ಧಾರವಾಡದ ಸರಕಾರಿ ಶಾಲೆಗೆ ಸೇರಲು ಹೋದ. ಸೇರಿಸಿಕೊಳ್ಳಲಿಲ್ಲ. ಹುಡುಗ ಮುಂಬಯಿ ಸರಕಾರಕ್ಕೆ ಅರ್ಜಿ ಹಾಕಿದ. ಸರಕಾರ ಅದೇ ವರ್ಷದ ಜುಲೈನಲ್ಲಿ ಠರಾವು ಮಾಡಿತು. ಅದರ ತಾತ್ಪರ್ಯ ಇಷ್ಟು: ತತ್ತ್ವದ ನ್ಯಾಯ ಹುಡುಗನ ಕಡೆ ಇದೆ, ಆದರೆ ತಲೆತಲಾಂತರದ ಪೂರ್ವಗ್ರಹವನ್ನು ಒಬ್ಬಿಬ್ಬರಿಗಾಗಿ ಒಮ್ಮೆಲೇ ಕದಡಿದರೆ ಶಿಕ್ಷಣದ ಕೆಲಸವೇ ಕೆಡುತ್ತದೆ. ಮರುವರ್ಷ ಭಾರತ ಸರಕಾರ, ಬಂಗಾಳ ಪ್ರಾಂತದಲ್ಲಾದರೆ ಈ ಹುಡುಗನನ್ನು ಹೊರಗಿಡುತ್ತಿರಲಿಲ್ಲ ಎಂದು ಬರೆಯಿತು. ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ಮಾತು 1858ರಲ್ಲಿ ಬಂತು. 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ ಅಂಬೇಡ್ಕರ್ ಈ ಕಡತವನ್ನು ಮತ್ತೆ ಬಿಚ್ಚಿಟ್ಟರು.

ಈ ಕಡತದ ಭಾಷೆಯನ್ನು ಗಮನಿಸಿ. ಎರಡು ಕಡೆಯೂ ಭಾವನೆ ಇದೆ. ಒಂದು ಕಡೆ ಹೊರಗೆ ನಿಂತ ಹುಡುಗನ ಭಾವನೆ, ಇನ್ನೊಂದು ಕಡೆ ಅವನ ಪಕ್ಕ ಕೂರಲು ಅಸಹ್ಯಪಡುವವರ ಭಾವನೆ. ಅಸಹ್ಯಕ್ಕೆ ಕಡತದಲ್ಲಿ ಗಂಭೀರವಾದ ಹೆಸರು ಸಿಕ್ಕಿತು: ತಲೆತಲಾಂತರದ ಪೂರ್ವಗ್ರಹ, ವ್ಯಾವಹಾರಿಕ ತೊಡಕು. ಅದು ಆಡಳಿತ ಲೆಕ್ಕಕ್ಕೆ ಹಿಡಿಯಬೇಕಾದ ಸಂಗತಿಯಾಯಿತು. ಹುಡುಗನಿಗೆ ಸಿಕ್ಕದ್ದು ತತ್ತ್ವದ ನ್ಯಾಯ, ಅಂದರೆ ಕೈಗೆ ಹತ್ತದ ನ್ಯಾಯ. ಅವನಿಗೆ ಆದ ಅವಮಾನಕ್ಕೆ ಅಲ್ಲಿ ಪದವೇ ಇಲ್ಲ. ಉಳ್ಳವರ ಭಾವನೆ 'ವಾಸ್ತವ' ಎಂಬ ಹೆಸರಿನಲ್ಲಿ ಚಲಾವಣೆಯಾಗುತ್ತದೆ, ಇಲ್ಲದವರ ಭಾವನೆ ಬರೀ ಭಾವನೆಯಾಗಿಯೇ ಉಳಿಯುತ್ತದೆ. ನನ್ನ ಹಾಳೆಯ ಮೇಲಿನ ಕೆಂಪು ಶಾಯಿಗೂ ಈ ಠರಾವಿಗೂ ನಡುವೆ ನೂರು ವರ್ಷಕ್ಕೂ ಹೆಚ್ಚಿನ ಅಂತರವಿದೆ. ನೆಂಟಸ್ತನ ಮಾತ್ರ ಹತ್ತಿರದ್ದು.

ಈ ಹಂಚಿಕೆ ಬರೀ ಸರಕಾರದ್ದಲ್ಲ, ನಮ್ಮ ಕಾವ್ಯಮೀಮಾಂಸೆಯಲ್ಲೂ ಇದೆ. ಭರತನ ನಾಟ್ಯಶಾಸ್ತ್ರವನ್ನು ರಸದ ಪಾಠವೆಂದು ಓದುತ್ತೇವೆ. ಭಾವನೆಗಳ ಜಾತಿಪಟ್ಟಿಯಾಗಿಯೂ ಅದನ್ನು ಓದಬಹುದು. ವೀರದ ಮೂಲವಾದ ಉತ್ಸಾಹ ಉತ್ತಮ ಪ್ರಕೃತಿಯವರದು. ಭಯ ಮತ್ತು ಜುಗುಪ್ಸೆ ಹೆಂಗಸರು ಮತ್ತು ನೀಚ ಪ್ರಕೃತಿಯವರಲ್ಲಿ ಹುಟ್ಟುವಂಥವು. ಇನ್ನೊಂದು ಸೂಕ್ಷ್ಮ ಇದೆ. ಎಂಟು ಸ್ಥಾಯೀಭಾವಗಳಲ್ಲಿ ಅವಮಾನಕ್ಕೆ ಜಾಗವಿಲ್ಲ. ಮೂವತ್ಮೂರು ಸಂಚಾರಿಗಳ ಪಟ್ಟಿಯಲ್ಲಿ 'ಅಮರ್ಷ' ಎಂಬುದೊಂದಿದೆ. ವಿದ್ಯೆಯಲ್ಲಿ, ಐಶ್ವರ್ಯದಲ್ಲಿ, ಬಲದಲ್ಲಿ ಹೆಚ್ಚಿನವರು ಒಬ್ಬನನ್ನು ಹೀಯಾಳಿಸಿದಾಗ ಅವನಲ್ಲಿ ಏಳುವ ಕುದಿ ಅದು ಎಂದು ಭರತ ವಿವರಿಸುತ್ತಾನೆ. ಎಷ್ಟು ನಿಖರವಾದ ವ್ಯಾಖ್ಯೆ! ಆದರೆ ಅದು ಸಂಚಾರಿ. ಬಂದು ಹೋಗುವ ಭಾವ. ಹೀಯಾಳಿಕೆ ಒಮ್ಮೊಮ್ಮೆ ಆಗುವವರಿಗೆ ಅಮರ್ಷ ಸಂಚಾರಿಯಾಗಿದ್ದೀತು. ದಿನಾ ಬೆಳಿಗ್ಗೆ ಕೊಡ ಹಿಡಿದು ನಿಲ್ಲುವವರಿಗೆ ಅದು ಸ್ಥಾಯಿ. ದಲಿತ ಸಾಹಿತ್ಯದ ಓದುಗ 'ಅಬ್ಬಾ, ಎಷ್ಟು ಕರುಣಾಜನಕ' ಎಂದು ಶೋಕವನ್ನು ಸವಿದು ಎದ್ದುಹೋಗುವುದಕ್ಕೆ ಈ ಹಳೆಯ ಪಟ್ಟಿಯ ಪಾಲೂ ಇದೆ. ನಮ್ಮಲ್ಲಿ ಸ್ಥಾಯಿಯಾಗಿರುವುದನ್ನು ಸವಿಯಲು ಅವನಿಗೆ ರಸದ ಹೆಸರೇ ಸಿಕ್ಕಿಲ್ಲ.

ಕನ್ನಡದಲ್ಲಿ ಈ ಜಗಳ ಬೀದಿಗೆ ಬಂದದ್ದು 1973ರ ನವೆಂಬರಿನಲ್ಲಿ. ಮೈಸೂರಿನ ಸಭೆಯೊಂದರಲ್ಲಿ ಆಗ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಅಂದರು. ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿಪದವಿ ಬಿಡಬೇಕಾಯಿತು. ಅದು ಒಂದು ವಿಮರ್ಶೆಯ ತೀರ್ಮಾನ. ತಪ್ಪಿದ್ದರೆ ವಾದದಿಂದ ತಿರಸ್ಕರಿಸಬಹುದಿತ್ತು. ಆದರೆ ಬೇರೆಯವರು ಕಠಿಣವಾಗಿ ಹೇಳಿದರೆ ಅಭಿಪ್ರಾಯ, ದಲಿತನೊಬ್ಬ ಹೇಳಿದರೆ ಅಪಮಾನ ಎಂದಾಯಿತು. ದಲಿತ ಸಂಘರ್ಷ ಸಮಿತಿ ಮತ್ತು ಹೊಸ ಬರಹ ಬೆಳೆದದ್ದು ಈ ಗಾಯದ ಸುತ್ತಲಿನ ವರ್ಷಗಳಲ್ಲಿ.

ಆನಂತರ ಬಂದ ಬರಹಗಳು ಭಾವ-ಭಾಷೆಗಳ ಸಂಬಂಧವನ್ನು ಒಂದೇ ರೀತಿ ಬಿಡಿಸಲಿಲ್ಲ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' (1975) ಸಿಟ್ಟನ್ನು ಬಹಿರಂಗ ಭಾಷೆ ಮಾಡಿತು. ಅವರೇ ಮುಂದೆ 'ಊರುಕೇರಿ'ಯಲ್ಲಿ ನಗೆ ಹಿಡಿದರು. ದ್ವೇಷವಿಲ್ಲದ ಬರಹವೆಂದು ಕೆಲವರಿಗೆ ಸಮಾಧಾನವಾಯಿತು. ಆ ನಗೆಯ ಕೆಳಗೆ ಇರುವ ಹಸಿವಿನ ಲೆಕ್ಕ ಓದಿದವರಿಗೆ ಸಮಾಧಾನವಾಗಲಾರದು. ಅದು ನಮ್ಮ ಆಯಿಯ ಬೀಡಿಯ ನಗೆಯ ಜಾತಿಯದು. ಅರವಿಂದ ಮಾಲಗತ್ತಿಯವರು ವಿದ್ಯಾರ್ಥಿವೇತನ ಪಡೆಯುವ ಹುಡುಗರನ್ನು ಚುಡಾಯಿಸುವ 'ಗೌರ್ಮೆಂಟ್ ಬ್ರಾಹ್ಮಣ' ಎಂಬ ಕುಹಕವನ್ನೇ ತಮ್ಮ ಆತ್ಮಕಥನದ ಹೆಸರಾಗಿಸಿಕೊಂಡರು. ದೇವನೂರ ಮಹಾದೇವ 'ಒಡಲಾಳ'ದಲ್ಲಿ, ಆಮೇಲೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಕುಸುಮಬಾಲೆ'ಯಲ್ಲಿ, ತಮ್ಮ ಸೀಮೆಯ ಆಡುಮಾತಿನಲ್ಲೇ ಲೋಕವನ್ನು ನಿಲ್ಲಿಸಿದರು. ಕಳೆದ ಹುಂಜವನ್ನು ಹುಡುಕುವ ಸಾಕವ್ವನ ಗೋಳನ್ನು ಶಿಷ್ಟ ಕನ್ನಡಕ್ಕೆ ತಂದರೆ ಸುದ್ದಿ ಉಳಿಯುತ್ತದೆ, ಆಕೆಯ ತಿಳಿವು ಹೋಗುತ್ತದೆ. ಕುಸುಮಬಾಲೆ ಅರ್ಥವಾಗುವುದಿಲ್ಲ ಎಂದವರಿಗೆ ನಾನು ಹೇಳುವುದಿಷ್ಟು: ಕೇರಿಯ ಮಕ್ಕಳು ಪಠ್ಯಪುಸ್ತಕದ ಕನ್ನಡವನ್ನು ಇಷ್ಟೇ ಕಷ್ಟಪಟ್ಟು ಕಲಿತಿದ್ದಾರೆ. ನೀವೂ ಒಂದು ಸಲ ಕಲೀರಿ.

ಇಲ್ಲಿ ನ್ಯಾಯವಾದ ಪ್ರಶ್ನೆಯೊಂದು ಬರುತ್ತದೆ. ಸಂಕಿರಣವೊಂದರಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: 'ಸರ್, ಭಾವನೆನೂ ತಿಳಿವಳಿಕೆ ಅಂದ್ರ, ಮೀಸಲಾತಿ ಕಂಡು ಉರಕೊಳ್ಳೋರ ಸಿಟ್ಟೂ ತಿಳಿವಳಿಕೆನಽ ಆಗ್ತದಲ್ರಿ?' ಆಕೆಯ ಪ್ರಶ್ನೆಗೆ ತಟ್ಟನೆ ಉತ್ತರ ಕೊಡಲಾಗಲಿಲ್ಲ. ಈಗ ಅನ್ನಿಸುವುದು ಹೀಗೆ. ಭಾವನೆ ತೀರ್ಪಲ್ಲ, ಸಾಕ್ಷಿ. ಸಾಕ್ಷಿಯನ್ನು ಪಾಟೀಸವಾಲು ಮಾಡಲೇಬೇಕು. ಆಯಿಯ ಅಂಜಿಕೆ ಹೇಳಿದ್ದನ್ನು ಬಾವಿಗೆ ಹೋಗಿ ಯಾರಾದರೂ ನೋಡಬಹುದಿತ್ತು. ಧಾರವಾಡದ ಶಾಲೆಯಲ್ಲಿ ಅಸಹ್ಯಪಟ್ಟವರ ಭಾವನೆ ಹುಡುಗನ ಬಗ್ಗೆ ಏನನ್ನೂ ಹೇಳಲಿಲ್ಲ, ತಮ್ಮ ಬಗ್ಗೆ ಮಾತ್ರ ಹೇಳಿತು. ಎಲ್ಲ ಭಾವನೆಯೂ ಏನನ್ನೋ ತಿಳಿಸುತ್ತದೆ, ಆದರೆ ಯಾರ ಬಗ್ಗೆ ತಿಳಿಸುತ್ತದೆ ಎಂದು ಕೇಳುವುದು ವಿಮರ್ಶೆಯ ಕೆಲಸ.

ಈ ಪಾಟೀಸವಾಲು ನಮಗೂ ಇದೆ. ನಮಗಿಂತ ಕೆಳಗೆಂದು ಎಣಿಸಿದ ಇನ್ನೊಂದು ಕೇರಿಯವರು ಆಯಿಯ ತವರಿನಲ್ಲಿದ್ದರು. 'ಅವರು ನೀರು ಕೇಳಿದ್ರ ನೀವು ಹೆಂಗ ಕೊಡ್ತಿದ್ರಿ?' ಎಂದು ಒಮ್ಮೆ ಕೇಳಿಬಿಟ್ಟೆ. ಆಯಿ ಬಹಳ ಹೊತ್ತು ಸುಮ್ಮನಿದ್ದಳು. 'ಮ್ಯಾಲಿಂದಽ' ಅಂದಳು. ಆ ಮಾತು ನನ್ನ ಪ್ರಬಂಧದ ಎರಡೂ ಪಾಠಗಳಲ್ಲಿ ಇಲ್ಲ. ಬರೆಯಲು ಧೈರ್ಯ ಬಂದದ್ದು ಇವತ್ತು. ನಮ್ಮ ಸಿಟ್ಟು ನಮಗೆ ಮೇಲಿನವರನ್ನು ತೋರಿಸಿದಷ್ಟು ಚೆನ್ನಾಗಿ ಪಕ್ಕದವರನ್ನು ತೋರಿಸಲಿಲ್ಲ. ಅದನ್ನು ತೋರಿಸಲು ನಾಚಿಕೆ ಬೇಕಾಯಿತು. ಸಿಟ್ಟು ಮತ್ತು ಸ್ವಮರುಕಗಳಲ್ಲೇ ಮುಳುಗಿದರೆ ದಲಿತ ಚಳವಳಿ ತನ್ನ ಸಾಂಸ್ಕೃತಿಕ ನೆನಪಿಗೆ ಎರವಾದೀತೆಂದು ಡಿ.ಆರ್. ನಾಗರಾಜ್ ಎಚ್ಚರಿಸಿದ್ದರು. ಆ ನೆನಪಿನಲ್ಲಿ ಈ 'ಮ್ಯಾಲಿಂದ'ವೂ ಇದೆ ಎಂದು ನಾನು ಸೇರಿಸುತ್ತೇನೆ.

ಅನುಭವ ಒಬ್ಬರದು, ಸಿದ್ಧಾಂತ ಇನ್ನೊಬ್ಬರದು ಎಂಬ ಹಂಚಿಕೆಯನ್ನು ಗೋಪಾಲ ಗುರು ಪ್ರಶ್ನಿಸಿದರು. ಅವರೂ ಸುಂದರ ಸಾರುಕ್ಕೈ ಅವರೂ ಸೇರಿ ನಡೆಸಿದ ವಾದ 2012ರಲ್ಲಿ ಪುಸ್ತಕವಾಗಿಯೂ ಬಂತು. ಆ ಚರ್ಚೆಯನ್ನು ಓದಿ. ಆದರೆ ಅದಕ್ಕೂ ಮುಂಚೆ ನಿಮ್ಮ ಮನೆಯ ಹಿರಿಯರ ಹತ್ತಿರ ಕೂತು ಅವರು ಬಳಸುವ ಕ್ರಿಯಾಪದಗಳನ್ನು ಬರೆದುಕೊಳ್ಳಿ. ಯಾವ ಕೆಲಸವನ್ನು ಅವರು 'ಮಾಡಿದೆ' ಅಂತಾರೆ, ಯಾವುದನ್ನು 'ಮಾಡಿಸಿಕೊಂಡೆ' ಅಂತಾರೆ, ಎಲ್ಲಿ ನಗ್ತಾರೆ, ಎಲ್ಲಿ ಸುಮ್ಮನಾಗ್ತಾರೆ, ಎಲ್ಲವನ್ನೂ. ಶಿಷ್ಟ ಕನ್ನಡಕ್ಕೆ ತಿದ್ದಬೇಡಿ. ಯಾರಾದರೂ ಇದರಲ್ಲಿ ವಿಷಯ ಎಲ್ಲಿದೆ ಎಂದು ಕೇಳಿದರೆ ಆ ಹಾಳೆಯನ್ನೇ ಮುಂದಿಡಿ.

ನಮ್ಮೂರ ಘಟಕದಿಂದ ಎರಡು ಶಹರಗಳಿಗೆ ನೀರು ಹೋಗುತ್ತದೆ. ನಲ್ಲಿ ತಿರುವಿದವರಿಗೆಲ್ಲ ನೀರು ಬರುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಆಯಿ ಕೊನೆಯತನಕ ನಲ್ಲಿಯ ಮುಂದೆ ಕೊಡ ಇಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳು. ನಾನು ಬಿದ್ದು ಬಿದ್ದು ನಗುತ್ತಿದ್ದೆ. ಯಾಕ ನಿಂತಿದ್ದಳೋ ಆಗ ನನಗೆ ತಿಳೀಲಿಲ್ಲ.