ಚಾಕೊಲೇಟ್ ಕೆಫೆ: ಒಂದೇ ದರ, ಎರಡು ಲೆಕ್ಕ

ಕ್ಯಾಂಪ್ಕೊ ಸಂಸ್ಥೆಯು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ಆರಂಭಿಸಿತು. ಇಂದು ಯಲಹಂಕ, ಹೆಬ್ಬಾಳದಂತಹ ಬಡಾವಣೆಗಳಲ್ಲಿ ಚಾಕೊಲೇಟನ್ನು ಕೈಯಿಂದ ತಯಾರಿಸಿ ಅಲ್ಲಿಯೇ ಬಡಿಸುವ ಕೆಫೆ ತೆರೆಯಬಯಸುವ ಸಣ್ಣ ಉದ್ಯಮಿಗಳು ತೆರಿಗೆಯ ಒಂದು ಸೂಕ್ಷ್ಮವನ್ನು ಅರಿತಿರುವುದು ಅಗತ್ಯ.

2025ರ ಸೆಪ್ಟೆಂಬರ್ 22ರಿಂದ ಚಾಕೊಲೇಟ್ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಸ್ವತಂತ್ರ ಕೆಫೆಯಲ್ಲಿ ಬಡಿಸುವ ಬಿಸಿ ಪಾನೀಯವು ರೆಸ್ಟೋರೆಂಟ್ ಸೇವೆ, ಅದಕ್ಕೂ ಶೇ. 5. ಆದರೆ ಪೊಟ್ಟಣದ ಮಾರಾಟಕ್ಕೆ ಹೂಡುವಳಿ ತೆರಿಗೆ ಜಮೆ ಲಭ್ಯ, ಸೇವೆಗೆ ಇಲ್ಲ. ಮಳಿಗೆಯ ಬಾಡಿಗೆ, ಯಂತ್ರಗಳ ಮೇಲೆ ತೆತ್ತ ಶೇ. 18 ತೆರಿಗೆಯಲ್ಲಿ ಸೇವೆಯ ಪಾಲು ವೆಚ್ಚವಾಗಿಯೇ ಉಳಿಯುತ್ತದೆ. ಪೊಟ್ಟಣದ ಪಾಲು ಜಮೆಯಾಗಿ ಸಂಗ್ರಹವಾದರೂ, ದರ ವ್ಯತ್ಯಾಸದ ಮರುಪಾವತಿಯಲ್ಲಿ ಬಾಡಿಗೆ, ಯಂತ್ರಗಳ ತೆರಿಗೆ ಸೇರುವುದಿಲ್ಲ.

ಆದುದರಿಂದ ಎರಡೂ ಮಾರಾಟಗಳ ಲೆಕ್ಕವನ್ನು ಮೊದಲ ದಿನದಿಂದಲೇ ಪ್ರತ್ಯೇಕವಾಗಿಟ್ಟು, ಈ ವೆಚ್ಚವನ್ನು ಬೆಲೆ ನಿಗದಿಯಲ್ಲಿ ಸೇರಿಸುವುದು ಹಿತಕರ.