ಬಸ್ ನಿಲ್ದಾಣದಲ್ಲಿ ಎಲ್ಲರಿಗೂ ದಾರಿ

ತಿಕೋಟಾ, ಬಬಲೇಶ್ವರಗಳು ಈಗ ತಾಲೂಕು ಕೇಂದ್ರಗಳಾಗಿದ್ದರೂ ಜಿಲ್ಲಾ ಆಸ್ಪತ್ರೆಗೆ, ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಬೇಕಾದವರು ವಿಜಯಪುರದ ಬಸ್ಸನ್ನೇ ಕಾಯಬೇಕು. ಕಾಲು ಸೋತವರಿಗೂ ಕಣ್ಣು ಕಾಣದವರಿಗೂ ಇದೇ ದಾರಿ. ಅಂಗವಿಕಲರಿಗೆ ವಾಸಸ್ಥಳದಿಂದ 100 ಕಿಲೋಮೀಟರಿನವರೆಗೆ ರಿಯಾಯಿತಿ ಪಾಸು ಉಂಟು. ಆದರೆ ನಿಲ್ದಾಣದ ಕಟ್ಟೆಯನ್ನೇ ಏರಲಾರದವನಿಗೆ ಆ ಪಾಸಿನಿಂದ ಪ್ರಯೋಜನವೇನು?

ಪರಿಹಾರ ಕಠಿಣವಲ್ಲ; ಲೆಕ್ಕ ತಪ್ಪಬಾರದು, ಅಷ್ಟೆ. ಒಂದು ಅಳತೆ ಎತ್ತರಕ್ಕೆ ಹನ್ನೆರಡು ಅಳತೆ ಉದ್ದದ ಇಳಿಜಾರು ಬೇಕೆಂಬುದು ನಿಯಮ. ಕಟ್ಟೆ 15 ಸೆಂಟಿಮೀಟರ್ ಎತ್ತರವಿದ್ದರೆ ಇಳಿಜಾರು 180 ಸೆಂಟಿಮೀಟರ್ ಉದ್ದವಿರಬೇಕು. ಜಾಗ ಉಳಿಸಲೆಂದು ಮೊಟಕು ಮಾಡಿದರೆ ಗಾಲಿಕುರ್ಚಿ ಹಿಂದಕ್ಕೆ ಮಗುಚೀತು, ಊರುಗೋಲು ಜಾರೀತು. ಅಂಧರಿಗಾಗಿ ನೆಲದಲ್ಲಿ ಉಬ್ಬುಗೆರೆಯ ಹಾಸುಗಲ್ಲುಗಳಿರಬೇಕು. ಉದ್ದಗೆರೆಗಳು ದಾರಿ ತೋರಿಸುತ್ತವೆ. ಗುಂಡುಬೊಟ್ಟುಗಳು ಮುಂದೆ ಅಂಚಿದೆ, ನಿಲ್ಲೆಂದು ಎಚ್ಚರಿಸುತ್ತವೆ. ಅವುಗಳ ಮೇಲೆ ನಾವು ಸೈಕಲ್ಲು, ಗಂಟುಮೂಟೆ ಇಟ್ಟರೆ ಆ ದಾರಿ ಮುಚ್ಚಿದಂತೆಯೇ.

ಬಸ್ ನಿಲ್ದಾಣಗಳಲ್ಲಿ ಇಂಥ ಸೌಕರ್ಯ ಒದಗಿಸುವ ಹೊಣೆಯನ್ನು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 41ನೆಯ ಕಲಮಿನಲ್ಲಿ ಸರ್ಕಾರಕ್ಕೆ ವಹಿಸಿದೆ. ಆದುದರಿಂದ ಇದನ್ನು ಕೇಳಲು ಯಾರೂ ಸಂಕೋಚಪಡಬೇಕಿಲ್ಲ. ವಾಚಕರು ಮುಂದಿನ ಸಲ ತಮ್ಮೂರ ನಿಲ್ದಾಣಕ್ಕೆ ಹೋದಾಗ ಆ ಇಳಿಜಾರನ್ನು ಒಮ್ಮೆ ಅಳೆದು ನೋಡಲಿ. ಕೊರತೆ ಕಂಡರೆ ಸಾರಿಗೆ ಅಧಿಕಾರಿಗಳಿಗೆ ಒಂದು ಅರ್ಜಿ ಬರೆಯಲಿ. ನಾಳೆ ಅದನ್ನು ಬಳಸುವವರು ನಮ್ಮ ಮನೆಯ ಹಿರಿಯರೇ ಆಗಬಹುದು.